ದಿಢೀರ್ ಉಸ್ತುವಾರಿ

ನಿನ್ನೆ ಸಂಜೆ ಐದೂವರೆಗೆ ಆದೇಶ ಕೈಗೆ ಬಂತು. ಇವತ್ತು ಬೆಳಿಗ್ಗೆಯಿಂದಲೇ ಇವರ ನಡಿಗೆ ಬೇರೆಯಾಗಿದೆ. ಮೊನ್ನೆಯವರೆಗೂ ಯಾವುದೋ ಕಚೇರಿಯ ಮೂಲೆ ಮೇಜಿನಲ್ಲಿ ಕಡತಗಳಿಗೆ ಪುಟಸಂಖ್ಯೆ ಹಾಕುತ್ತ, ‘ಅವಗಾಹನೆಗೆ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ಸಾಗಹಾಕುತ್ತ ನೆಮ್ಮದಿಯಾಗಿದ್ದ ಜೀವ ಇದು. ಈಗ ಗುಬ್ಬಿ ತಾಲ್ಲೂಕು ಕಡಬ ಹೋಬಳಿಯ ಒಂದು ಕೆರೆಯ ಹೂಳೆತ್ತುವ ಕಾಮಗಾರಿಗೆ ‘ಸಂಪೂರ್ಣ ಉಸ್ತುವಾರಿ’. ಆದೇಶದ ಕಾಗದ ನಾಲ್ಕು ಸಾಲಿನದು. ಹೊಸ ಡೈರಿ, ನಾಲ್ಕು ಬಣ್ಣದ ಪೆನ್ನು, ಬಿಸಿಲಿಗೊಂದು ಟೋಪಿ ಖರೀದಿಯಾಗುತ್ತವೆ. ಹತ್ತು ಗಂಟೆಯೊಳಗೆ ಒಂದು ವಾಟ್ಸಾಪ್ ಗುಂಪು ಹುಟ್ಟುತ್ತದೆ. ಅದರ ಮೊದಲ ಸಂದೇಶ ಗುಂಪಿನ ನಿಯಮಾವಳಿ, ಎರಡನೆಯದು ‘ಎಲ್ಲರೂ ಸಹಕರಿಸಬೇಕಾಗಿ ವಿನಂತಿ’, ಮೂರನೆಯದು ಯಾರೋ ಕಳಿಸಿದ ಶುಭೋದಯದ ಗುಲಾಬಿ. ಇಂಥವರು ಕೆರೆ ಏರಿಯ ಮೇಲೆ ಮಾತ್ರ ಸಿಗುತ್ತಾರೆಂದಲ್ಲ. ಊರ ಶಾಲೆಯ ಶತಮಾನೋತ್ಸವಕ್ಕೆ ಸಂಚಾಲಕರಾದ ಮೇಷ್ಟ್ರು, ಸಹಕಾರ ಸಂಘದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಜವಾಬ್ದಾರಿ ಬಿದ್ದ ಗುಮಾಸ್ತೆ, ಚುನಾವಣೆಗೆ ಎರಡು ವಾರವಿದ್ದಾಗ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾದ ಉಪನ್ಯಾಸಕಿ, ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ತಂಡದ ಹಿರಿಯ ಕೆಲಸ ಬಿಟ್ಟುಹೋದ ಒಂದೇ ಕಾರಣಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಆದ ಕುಣಿಗಲ್ ಕಡೆಯ ಹುಡುಗ, ಎಲ್ಲರೂ ಒಂದೇ ಗೋತ್ರದವರು. ವೇಷ ಬೇರೆ, ಮೊದಲ ವಾರದ ನಿದ್ದೆಗೆಡುವ ರೀತಿ ಒಂದೇ.

ಇವರನ್ನು ಗುರುತಿಸಲು ಟೋಪಿ, ಡೈರಿ ನೋಡಬೇಕಾಗಿಲ್ಲ, ‘ಅದು ನನ್ನ ಗಮನದಲ್ಲಿದೆ’ ಎಂಬ ಮಾತು ಸಾಕು. ಮೊದಲ ಸಭೆಯಲ್ಲಿ ಖಾರಾಬೂಂದಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿರುವಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ‘ಕೋಡಿ ಮಟ್ಟ ನೋಡ್ಕಂಡು ಅಗೀಬೇಕಲ್ವಾ ಸ್ವಾಮಿ’ ಎನ್ನುತ್ತಾರೆ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಎಂಬುದಷ್ಟೇ ಇವರಿಗೆ ಗೊತ್ತು. ಅದಕ್ಕೊಂದು ಮಟ್ಟವಿರುತ್ತದೆ, ಆ ಮಟ್ಟಕ್ಕೂ ಅಗೆತಕ್ಕೂ ಲೆಕ್ಕವಿರುತ್ತದೆ ಎಂಬುದು ಈಗಷ್ಟೇ ಕಿವಿಗೆ ಬಿದ್ದದ್ದು. ಆದರೂ ತಡವರಿಸದೆ, ‘ಹೌದೌದು ಯಜಮಾನ್ರೇ, ಅದು ನನ್ನ ಗಮನದಲ್ಲಿದೆ’ ಎಂದುಬಿಡುತ್ತಾರೆ. ಯಜಮಾನರಿಗೆ ಹೇಳುವುದು ಇನ್ನೂ ಬಹಳ ಇತ್ತು. ಸಾಹೇಬರ ಗಮನದಲ್ಲಿ ಇರುವುದನ್ನು ಮತ್ತೆ ಹೇಳಿ ಅವಿವೇಕಿ ಎನಿಸಿಕೊಳ್ಳುವುದು ಯಾಕೆಂದು ಬೂಂದಿಯ ಕಡೆ ಕೈ ಚಾಚುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ತೂಬು, ರಾಜಕಾಲುವೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಅಳತೆ ಪುಸ್ತಕ ಎಲ್ಲವೂ ಇವರ ಗಮನಕ್ಕೆ ಬಂದು ಸೇರಿರುತ್ತವೆ, ಒಂದೂ ತಲೆಗೆ ಹೋಗಿರುವುದಿಲ್ಲ. ನನ್ನ ವಾದ ಇಷ್ಟೇ: ಈ ವ್ಯಕ್ತಿಗೆ ಕೆಲಸ ಗೊತ್ತಿಲ್ಲದಿರುವುದು ದೋಷವೇ ಅಲ್ಲ. ಗೊತ್ತಿಲ್ಲವೆಂದು ತಿಳಿದೂ ತಿಳಿದೂ ಇವರನ್ನು ನೇಮಿಸಿದ್ದಾರೆ. ಗೊತ್ತಿಲ್ಲದ್ದನ್ನು ಮುಚ್ಚಿಡುವ ಶ್ರಮವೇ ಕಾಮಗಾರಿಯನ್ನು ಕೆಡಿಸುವುದು. ಇವರ ಬಳಿ ಇರುವ ಬಂಡವಾಳವೆಂದರೆ ಹೊಸಬರೆಂಬ ರಿಯಾಯಿತಿ ಒಂದೇ. ಅದನ್ನು ಖರ್ಚು ಮಾಡಲು ನಾಚಿಕೊಂಡು ಕೂತರೆ ಹದಿನೈದು ದಿನದಲ್ಲಿ ಅವಧಿ ಮುಗಿದುಹೋಗುತ್ತದೆ.

ಕಡಬದವರು ಇದಕ್ಕೆ ದೃಷ್ಟಾಂತ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಶಿಂಷೆಗೆ ಏರಿ ಹಾಕಿ ನಿಲ್ಲಿಸಿದ ಊರಿನ ದೊಡ್ಡ ಕೆರೆಯನ್ನು, ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನೇ ಕಟ್ಟಿಸಿದನೆಂಬ ಐತಿಹ್ಯವಿದೆ. ಇತಿಹಾಸಕಾರರು ಒಪ್ಪಲಿ ಬಿಡಲಿ, ಟೆಂಡರಿನ ದೃಷ್ಟಿಯಿಂದ ಈ ಐತಿಹ್ಯದಲ್ಲಿ ಲೋಪವಿಲ್ಲ. ಹಿಂದಿರುಗುವ ಹೊತ್ತಿಗೆ ರಾಮನ ಬಳಿ ಜಲಕಾಮಗಾರಿಯ ಪೂರ್ವಾನುಭವ ಭರ್ಜರಿಯಾಗಿಯೇ ಇತ್ತು. ಹೋಗುವಾಗ ಇರಲಿಲ್ಲ. ಹೋಗುವಾಗ, ಸಮುದ್ರದ ಈಚೆ ದಡದಲ್ಲಿ ನಿಂತಿದ್ದಾಗ, ಅವನೂ ನಮ್ಮವರ ಹಾಗೆ ದಿಢೀರ್ ಉಸ್ತುವಾರಿಯೇ. ಬಿಲ್ಲುವಿದ್ಯೆಯಲ್ಲಿ ಸಾಟಿಯಿಲ್ಲ, ಸೇತುವೆ ಕಟ್ಟಿ ಗೊತ್ತಿಲ್ಲ. ವಾಲ್ಮೀಕಿಯ ಪ್ರಕಾರ ಮೂರು ರಾತ್ರಿ ದರ್ಭೆಯ ಮೇಲೆ ಮಲಗಿ ಸಮುದ್ರರಾಜನನ್ನು ಪ್ರಾರ್ಥಿಸಿದ, ಉತ್ತರ ಬರಲಿಲ್ಲ. (ಅರ್ಜಿ ಕೊಟ್ಟು ಕಾದವರಿಗೆಲ್ಲ ಈ ಹಂತ ಪರಿಚಿತ.) ಬಾಣ ಹೂಡಿದ ಮೇಲೆ ಸಮುದ್ರರಾಜ ಎದ್ದು ಬಂದ. ಬಂದವನು ಕೊಟ್ಟದ್ದು ಹಣವಲ್ಲ, ಸಾಮಗ್ರಿಯಲ್ಲ, ಒಂದು ಹೆಸರು: ನಿನ್ನ ಸೇನೆಯಲ್ಲೇ ವಿಶ್ವಕರ್ಮನ ಮಗ ನಳನಿದ್ದಾನೆ, ಅವನಿಗೆ ಈ ಕೆಲಸ ಬರುತ್ತದೆ ಎಂದ. ಅಷ್ಟೂ ಹೊತ್ತು ನಳ ಅಲ್ಲೇ ನಿಂತಿದ್ದ. ಯಾಕಪ್ಪ ಬಾಯಿ ಬಿಡಲಿಲ್ಲ ಎಂದರೆ, ಯಾರೂ ಕೇಳಲಿಲ್ಲ, ಕೇಳದೆ ನನ್ನ ಗುಣವನ್ನು ನಾನೇ ಹೇಗೆ ಹೇಳಿಕೊಳ್ಳಲಿ ಎಂಬರ್ಥದ ಮಾತು ಹೇಳುತ್ತಾನೆ. ಯೋಜನೆಗಳ ನಿರ್ವಹಣೆ ಬಗ್ಗೆ ಬಂದಿರುವ ದಪ್ಪ ದಪ್ಪ ಪುಸ್ತಕಗಳ ಪೈಕಿ ಇದಕ್ಕಿಂತ ಉಪಯೋಗದ ಸಂಗತಿ ಇರುವಂಥದ್ದು ಕಡಿಮೆ. ಕೆಲಸ ಬಲ್ಲವನು ಹೊರಗಿನಿಂದ ಬರಬೇಕಾಗಿರಲಿಲ್ಲ, ಬಾಯಿ ಬಿಟ್ಟು ಕೇಳುವವರು ಬೇಕಾಗಿತ್ತು.

ಅದೇ ಪ್ರಸಂಗದಲ್ಲಿ ಇನ್ನೊಂದು ಲೆಕ್ಕವಿದೆ, ಅದರ ಮೇಲೆ ಹರಿಕಥೆಯವರ ಕಣ್ಣು ಹೋಗುವುದು ಅಪರೂಪ. ನೂರು ಯೋಜನದ ಸೇತುವೆ ಐದು ದಿನದಲ್ಲಿ ಮುಗಿಯಿತಷ್ಟೆ. ದಿನವೊಂದಕ್ಕೆ ಇಪ್ಪತ್ತರಂತೆ ಅಲ್ಲ. ಮೊದಲ ದಿನ 14, ಎರಡನೆಯ ದಿನ 20, ಆಮೇಲೆ 21, 22, 23. ಅಳತೆ ಪುಸ್ತಕ ಬರೆದವರಿಗೆ ಇದನ್ನು ಓದಿದರೆ ರೋಮಾಂಚನವಾಗಬೇಕು. ವಿಶ್ವಕರ್ಮನ ಮಗನೇ ಮೇಸ್ತ್ರಿಯಾಗಿದ್ದರೂ ಮೊದಲ ದಿನದ ಕೆಲಸ ಎಲ್ಲಕ್ಕಿಂತ ಕಡಿಮೆ, ಯಾಕೆಂದರೆ ಮೊದಲ ದಿನ ಕಲ್ಲು ಎಲ್ಲಿಂದ ತರುವುದು, ಮರ ಯಾರು ಕಡಿಯುವುದು, ಯಾರ ದಾರಿಗೆ ಯಾರು ಅಡ್ಡ ಬರಬಾರದು ಎಂಬುದೇ ಆಗಬೇಕು. ನಮ್ಮ ಉಸ್ತುವಾರಿ ಮೊದಲ ರಾತ್ರಿಯೇ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡುತ್ತಾರೆ: ಒಟ್ಟು ಇಷ್ಟು ಘನ ಮೀಟರ್ ಹೂಳು, ಭಾಗಿಸು ನಲವತ್ತೈದು ದಿನ, ದಿನಕ್ಕೆ ಇಷ್ಟು. ಭಾಗಾಕಾರ ಸರಿಯಾಗಿಯೇ ಇರುತ್ತದೆ. ಮೊದಲ ವಾರದ ಕೊನೆಗೆ ಪಟ್ಟಿಯ ಗುರಿಯಲ್ಲಿ ಕಾಲು ಭಾಗವೂ ಆಗಿರುವುದಿಲ್ಲ. ಗಾಬರಿ ಬಿದ್ದು ಇನ್ನೆರಡು ಜೆಸಿಬಿ ತರಿಸುತ್ತಾರೆ. ಕೆರೆ ಅಂಗಳಕ್ಕೆ ಇಳಿಯುವ ದಾರಿ ಒಂದೇ ಇದ್ದರೆ ಮೂರು ಜೆಸಿಬಿ ಮತ್ತು ಹದಿನೆಂಟು ಟ್ರ್ಯಾಕ್ಟರು ಅಲ್ಲಿ ಮುಖಾಮುಖಿ ನಿಂತು ಹಾರನ್ ಹೊಡೆಯುತ್ತವೆ. ತಡವಾದ ಕೆಲಸಕ್ಕೆ ಮತ್ತಷ್ಟು ಜನ ಸೇರಿಸಿದರೆ ಮತ್ತಷ್ಟು ತಡವಾಗುತ್ತದೆ ಎಂದು ಐಬಿಎಂನ ದೊಡ್ಡ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದರು. ಅವರು ಕೆರೆ ಏರಿಯ ಇಳಿಜಾರು ನೋಡಿದ್ದರೋ ಇಲ್ಲವೋ, ಮಾತು ಮಾತ್ರ ಕಡಬಕ್ಕೂ ಒಪ್ಪುತ್ತದೆ. ಅಂದಹಾಗೆ ಹಣ ನರೇಗಾದ್ದಾಗಿದ್ದರೆ ಜೆಸಿಬಿಯ ಮಾತೇ ಬರುವಂತಿರಲಿಲ್ಲ. ಕೂಲಿಯವರ ಕೆಲಸ ಕಿತ್ತುಕೊಳ್ಳುವ ಯಂತ್ರಕ್ಕೂ ಗುತ್ತಿಗೆದಾರನಿಗೂ 2005ರ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ, ಕೂಲಿ ಮತ್ತು ಸಾಮಗ್ರಿಯ ಅನುಪಾತ 60:40 ಇರಬೇಕಿತ್ತು. ಹಣ ಯಾವ ಲೆಕ್ಕದ್ದು ಎಂದು ಕೇಳದೆಯೇ ಯಂತ್ರ ತರಿಸಿದವರು ಆಮೇಲೆ ಆ ಯಂತ್ರ ಫೋಟೋದಲ್ಲಿ ಬಾರದ ಹಾಗೆ ಮೂಲೆಗಳನ್ನು ಹುಡುಕುವ ಕಲೆಯಲ್ಲಿ ಪಳಗಬೇಕಾಗುತ್ತದೆ.

ಹಾಗಾದರೆ ಕಡಬದ ನಳ ಯಾರು? ಒಬ್ಬನಲ್ಲ, ಹಲವರು. ಮೊದಲನೆಯವನು ನೀರುಗಂಟಿ, ಅಥವಾ ಆ ಕೆಲಸ ನಿಂತುಹೋಗಿದ್ದರೆ ಆ ಮನೆತನದ ಹಿರಿಯ. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂಬ ಲೆಕ್ಕ ಇಟ್ಟವನಿಗೆ ಕೆರೆಯ ಹೊಟ್ಟೆಯ ಸಮಾಚಾರ ಗೊತ್ತಿರುತ್ತದೆ. ಇವನ ಜೊತೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಏರಿಯ ಮೇಲೆ ನಡೆದರೆ ಅರ್ಧ ಅಂದಾಜು ಪಟ್ಟಿ ತಿದ್ದಬೇಕಾಗುತ್ತದೆ. ತೂಬಿನ ಬಾಯಿಯ ಮುಂದೆ ಹೂಳು ಎಷ್ಟು ಎತ್ತರ ಕೂತಿದೆ, ಏರಿಯ ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯಬೇಕು, ಎಲ್ಲಿ ಜಾಲಿ ಬೇರು ಬಿಟ್ಟು ಏರಿಯನ್ನೇ ಸಡಿಲ ಮಾಡಿದೆ, ಎಲ್ಲಿ ಹೂಳಿನ ಕೆಳಗಿನ ಜೇಡಿಯ ಪದರವನ್ನೂ ಕಿತ್ತರೆ ನೀರು ನಿಲ್ಲದೆ ಇಂಗಿಹೋಗುತ್ತದೆ, ಇವನ್ನೆಲ್ಲ ಅವನು ಕಾಲಿನಲ್ಲಿ ತೋರಿಸುತ್ತಾನೆ, ಕಾಗದದಲ್ಲಲ್ಲ. ಅವನೇ ಇನ್ನೊಂದು ಮಾತೂ ಹೇಳಬಹುದು: ‘ಹೂಳು ತೆಗ್ದು ಏನ್ಮಾಡ್ತೀರ ಸಾ, ನೀರು ಬರೋ ಹಳ್ಳವೇ ಒತ್ತುವರಿ ಆಗೈತಲ್ಲ.’ ಈ ಒಂದು ವಾಕ್ಯಕ್ಕೆ ಇಡೀ ಯೋಜನಾ ವರದಿಯ ಬೆಲೆಯಿದೆ, ಅದು ಹುಟ್ಟಿಸುವ ತಲೆನೋವೂ ಅಷ್ಟೇ ದೊಡ್ಡದು. ಎರಡನೆಯ ನಳ, ಹೂಳನ್ನು ತೆಂಗಿನ ತೋಟಕ್ಕೂ ಅಡಿಕೆ ತೋಟಕ್ಕೂ ಹೊಡೆಸಿಕೊಳ್ಳುವ ರೈತ. ಟ್ರ್ಯಾಕ್ಟರಿನ ಲೋಡಿಗೆ ಏನು ದರ, ಮಳೆ ಬಿದ್ದ ಮೇಲೆ ಅಂಗಳಕ್ಕೆ ಗಾಡಿ ಇಳಿಯುವುದಿಲ್ಲವೆಂಬ ಸತ್ಯ, ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವ ಮುಂಚಿನ ದಿನಗಳೇ ನಿಜವಾದ ಕಾಮಗಾರಿ ಅವಧಿ ಎಂಬ ಪಂಚಾಂಗ ಅವನಲ್ಲಿದೆ. ಕಚೇರಿಯ ಪಂಚಾಂಗದಲ್ಲಿ ಇರುವುದು ಒಂದೇ ಹಬ್ಬ, ಮಾರ್ಚ್ 31. ಎರಡೂ ಪಂಚಾಂಗ ಡಿಕ್ಕಿ ಹೊಡೆಯುವುದು ಖಚಿತ, ಆದ್ದರಿಂದ ಮೂರನೆಯ ನಳ ಬೇಕು: ಲೆಕ್ಕ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರುವ ಗುಮಾಸ್ತೆ. ಬಿಲ್ಲು ಯಾವ ಮೇಜಿನಲ್ಲಿ ಮಲಗುತ್ತದೆ, ಯಾವ ಸಹಿ ಬಿಟ್ಟರೆ ವಾಪಸು ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಜನರನ್ನು ಕೇಳುವುದು ನಾನು ಇವತ್ತು ಹೊಸದಾಗಿ ಹೊಸೆದ ಉಪಾಯವೂ ಅಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಶುರುವಾಗಿ ತುಮಕೂರು ಜಿಲ್ಲೆಯನ್ನೂ ಒಳಗೊಂಡ ಜಲ ಸಂವರ್ಧನೆ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿದ್ದರ ಹಿಂದೆ ಇದ್ದದ್ದು ಇದೇ ತಿಳಿವಳಿಕೆ.

ಇಷ್ಟು ಹೇಳಿದ ಕೂಡಲೇ ಎದುರು ವಾದ ಬರುತ್ತದೆ: ಉಸ್ತುವಾರಿಯಾದವರು ಹೀಗೆ ಸಿಕ್ಕಸಿಕ್ಕವರನ್ನು ಕೇಳುತ್ತ ಹೋದರೆ ಮರ್ಯಾದೆ ಉಳಿಯುತ್ತದೆಯೇ? ‘ಸಾಹೇಬ್ರಿಗೆ ಏನೂ ಗೊತ್ತಿಲ್ಲ’ ಎಂದು ಊರೆಲ್ಲ ಹಬ್ಬಿದರೆ ಗುತ್ತಿಗೆದಾರ ತಲೆ ಮೇಲೆ ಕೂರುವುದಿಲ್ಲವೇ? ಪ್ರಶ್ನೆ ಸುಳ್ಳಲ್ಲ, ಆದರೆ ತಡವಾಗಿ ಕೇಳಿದ ಪ್ರಶ್ನೆ. ಸಾಹೇಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ವರದಿ ಬಸ್ ನಿಲ್ದಾಣದ ಹೋಟೆಲಿಗೆ ಅವರ ಆದೇಶಕ್ಕಿಂತ ಮೊದಲೇ ಬಂದು ತಲುಪಿರುತ್ತದೆ. ಹಿಂದೆ ಎಲ್ಲಿದ್ದರು, ಯಾರ ಕಡೆಯವರು, ಮಾವನ ಮನೆ ಯಾವೂರು, ಸಕ್ಕರೆ ಹಾಕಿದ ಕಾಫಿಯೋ ಹಾಕದ್ದೋ, ಎಲ್ಲವೂ ಜನಕ್ಕೆ ಗೊತ್ತು. ಗೊತ್ತಿಲ್ಲದಂತೆ ನಟಿಸುತ್ತಿರುವುದು ಜನ, ಗೊತ್ತಿರುವಂತೆ ನಟಿಸುತ್ತಿರುವುದು ಇವರು. ನಾಟಕ ಎರಡೂ ಕಡೆಯಿಂದ ನಡೆದಿದೆ. ಗುತ್ತಿಗೆದಾರನಂತೂ ಇಂಥ ನಟನೆಗೆ ಬಾಯಿಬಿಟ್ಟುಕೊಂಡು ಕಾಯುತ್ತಿರುತ್ತಾನೆ. ‘ನಿಮಗೆ ಗೊತ್ತಿಲ್ಲದ್ದೇನು ಸಾರ್’ ಎಂದು ಶುರು ಮಾಡಿ ಅವನು ಒಂದು ಕಾಗದ ಮುಂದಿಟ್ಟರೆ, ಗೊತ್ತಿಲ್ಲ ಎನ್ನಲಾರದವರು ಸಹಿ ಹಾಕಬೇಕು, ಬೇರೆ ದಾರಿಯಿಲ್ಲ. ‘ಇದು ನನಗೆ ಅರ್ಥವಾಗಲಿಲ್ಲ, ಸ್ಥಳಕ್ಕೆ ಬಂದು ತೋರಿಸಿ’ ಎನ್ನುವವರಿಂದ ಸಹಿ ತೆಗೆಯುವುದು ಬಹಳ ಕಷ್ಟ. ಮೋಸ ಹೋಗುವವರು ಗೊತ್ತಿಲ್ಲ ಎಂದವರಲ್ಲ, ಗಮನದಲ್ಲಿದೆ ಎಂದವರು. ಮರ್ಯಾದೆಯ ವಿಷಯ ಹೇಳುವುದಾದರೆ, ಮೊದಲ ವಾರ ‘ತೂಬು ಎಂದರೇನು ಯಜಮಾನ್ರೇ’ ಎಂದು ಕೇಳಿದರೆ ಪ್ರೀತಿಯಿಂದ ಕೈಹಿಡಿದು ತೋರಿಸುತ್ತಾರೆ. ಅದೇ ಪ್ರಶ್ನೆಯನ್ನು ಮೂರನೆಯ ತಿಂಗಳು ಕೇಳಿದರೆ ಊರು ನಗುತ್ತದೆ, ನಗಲೂಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ರಾಮನ ಸೇನೆಯಲ್ಲಿ ಕೇಳದಿದ್ದರೆ ಹೇಳದ ನಳನೊಬ್ಬನಿದ್ದ. ನಮ್ಮಲ್ಲಿ ಕೇಳದೆಯೇ ಹೇಳುವ ನಳರು ಏರಿಯುದ್ದಕ್ಕೂ ನಿಂತಿರುತ್ತಾರೆ. ಹೋಟೆಲಿನಲ್ಲಿ ಒಬ್ಬ, ಹಾಲಿನ ಡೇರಿಯ ಮುಂದೆ ನಾಲ್ವರು, ವಾಟ್ಸಾಪಿನಲ್ಲಿ ಅಸಂಖ್ಯ. ಒಬ್ಬ ಪೂರ್ವದ ಮೂಲೆಯಿಂದ ಅಗೆಯಿರಿ ಎನ್ನುತ್ತಾನೆ, ಅವನ ತೋಟ ಪೂರ್ವದಲ್ಲಿದೆ. ಇನ್ನೊಬ್ಬ ಪಶ್ಚಿಮ ಎನ್ನುತ್ತಾನೆ, ಕಾರಣ ಅದೇ. ಇವರಲ್ಲಿ ನಿಜವಾದ ನಳನನ್ನು ಆರಿಸುವುದು ಹೇಗೆ? ಕಷ್ಟವೇನಿಲ್ಲ, ಕೇಳುವ ಪ್ರಶ್ನೆ ಬದಲಿಸಬೇಕು ಅಷ್ಟೆ. ‘ಏನು ಮಾಡೋಣ’ ಎಂದು ಕೇಳಿದರೆ ಎಲ್ಲರೂ ಪಂಡಿತರು. ‘ಹೋದ ಸಲ ಎಲ್ಲಿ ಕೆಟ್ಟಿತು’ ಎಂದು ಕೇಳಿದರೆ ಮುಕ್ಕಾಲು ಪಾಲು ಪಂಡಿತರಿಗೆ ಡೇರಿಗೆ ಹೊತ್ತಾಗುತ್ತದೆ, ಉಳಿದ ಒಬ್ಬಿಬ್ಬರು ವಿವರಕ್ಕಿಳಿಯುತ್ತಾರೆ. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದಾಗ ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ಅಲ್ಲಿ ಏನೋ ಇದೆ ಎಂದರ್ಥ. ನಡುವೆ ಎಲ್ಲೋ ಒಮ್ಮೆ ‘ಅದು ನಂಗೊತ್ತಿಲ್ಲ ಸಾ, ಇಂಥವರನ್ನ ಕೇಳಿ’ ಎಂದವನನ್ನು ಬಿಡಬಾರದು. ತನ್ನ ತಿಳಿವಳಿಕೆಗೆ ಎಲ್ಲೆ ಹಾಕಿಕೊಂಡವನ ಮಾತು ಆ ಎಲ್ಲೆಯೊಳಗೆ ನಂಬಲು ಯೋಗ್ಯ. ಹೀಗೆ ಕೇಳುತ್ತ ಕೂತರೆ ಕಾಲ ಹೋಗುವುದಿಲ್ಲವೇ ಎನ್ನುವವರು ಸಭೆಗಳ ಲೆಕ್ಕ ತೆಗೆದು ನೋಡಲಿ. ಐದಾರು ಜನರ ಜೊತೆ ಏರಿಯ ಮೇಲೆ ಒಂದೊಂದು ಬೆಳಿಗ್ಗೆ ಕಳೆಯಲು ಬೇಕಾದ ಸಮಯ, ನಡಾವಳಿ ಪುಸ್ತಕದಲ್ಲಿ ‘ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ಬರೆಸಿಕೊಂಡ ಸಭೆಗಳಿಗಿಂತ ಯಾವತ್ತೂ ಕಡಿಮೆಯೇ.

ಕೆಳಗಿನವರನ್ನು ಕೇಳುವುದು ಸರಿ, ಮೇಲಿನವರನ್ನು ಕೇಳಲಾದೀತೇ ಎಂಬುದು ಮುಂದಿನ ತಕರಾರು. ಮೇಲಧಿಕಾರಿಗೆ ಬೇಕಾದದ್ದು ಪ್ರಗತಿ ವರದಿ, ಪ್ರಶ್ನೆಪತ್ರಿಕೆಯಲ್ಲ. ಇಲ್ಲಿ ವಿಶ್ವೇಶ್ವರಯ್ಯನವರ ಉದಾಹರಣೆಯನ್ನು ಎರಡೂ ಪಕ್ಷದವರು ತಂತಮ್ಮ ಕಡೆಗೆ ಎಳೆದುಕೊಳ್ಳಬಹುದು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಇಂಜಿನಿಯರಾಗಿ ಸೇರಿದ ಆ ತರುಣನಿಗೆ ಖಾನ್‌ದೇಶದಲ್ಲಿ ಸಿಕ್ಕ ಮೊದಮೊದಲ ಕೆಲಸಗಳಲ್ಲೊಂದು ಪಾಂಜ್ರಾ ನದಿಯ ಕಾಲುವೆಗೆ ಅಡ್ಡಲಾಗಿ ಪೈಪಿನ ಸೈಫನ್ ಕೂರಿಸುವುದು. ಮಳೆಗಾಲ ಬಂದು ನದಿ ಉಕ್ಕಿತು. ಮಳೆ ಮುಗಿಯುವತನಕ ಕೆಲಸ ಮುಂದಕ್ಕೆ ಹಾಕೋಣವೆಂದು ಮೇಲಕ್ಕೆ ಬರೆದರು. ಹೊಸಬ ಆಜ್ಞೆ ಪಾಲಿಸಲು ಹಿಂಜರಿಯುತ್ತಾನೆಂಬ ಧಾಟಿಯ ಉತ್ತರ ಬಂತು. ಸರಿ ಎಂದು ಹಟಹಿಡಿದು ನಿಂತು ಕೆಲಸ ಮುಗಿಸಿದರು. ನೋಡಿ, ಕೇಳಿದ್ದಕ್ಕೆ ಬೈಸಿಕೊಂಡರು ಎನ್ನುವುದು ಒಂದು ಪಕ್ಷ. ಆದರೆ ಅವರು ಮಾಡಿದ ಕ್ರಮ ಗಮನಿಸಬೇಕು. ನದಿಯ ಸ್ಥಿತಿಯನ್ನು ಮುಚ್ಚಿಟ್ಟು ವರದಿಯಲ್ಲಿ ‘ಪ್ರಗತಿಯಲ್ಲಿದೆ’ ಎಂದು ಬರೆಯಲಿಲ್ಲ. ಕಷ್ಟ ಏನೆಂದು ಸಕಾಲಕ್ಕೆ, ಕಾಗದದಲ್ಲಿ ತಿಳಿಸಿದರು. ಬೈಗುಳಕ್ಕೆ ಆಯುಸ್ಸು ಒಂದು ದಿನ, ಕಾಗದಕ್ಕೆ ಕಡತ ಇರುವಷ್ಟು ಕಾಲ. ಬರೆಯದೆ ಸುಮ್ಮನಿದ್ದು ಸೈಫನ್ ಕೊಚ್ಚಿಹೋಗಿದ್ದರೆ ಆಗ ಬರುತ್ತಿದ್ದ ಪತ್ರದ ಧಾಟಿ ಊಹಿಸಿಕೊಳ್ಳಬಹುದು.

ಕಾಗದದ ಮಾತು ಬಂದದ್ದರಿಂದ, ಕಡಬದ ಹೆಸರನ್ನು ಚರಿತ್ರೆಯ ಪುಸ್ತಕಗಳಿಗೆ ಸೇರಿಸಿದ ತಾಮ್ರಪಟವನ್ನು ನೆನೆಯದಿರಲಾಗದು. ರಾಷ್ಟ್ರಕೂಟರ ಮೂರನೆಯ ಗೋವಿಂದನ ಕಾಲದ್ದು, ಒಂಬತ್ತನೆಯ ಶತಮಾನದ ಆರಂಭದ್ದು. ಕುನುಂಗಿಲ್ ನಾಡನ್ನು, ಅಂದರೆ ಈಗಿನ ಕುಣಿಗಲ್ ಸೀಮೆಯನ್ನು, ನೋಡಿಕೊಳ್ಳುತ್ತಿದ್ದ ವಿಮಲಾದಿತ್ಯನಿಗೆ ಶನಿಯ ಕಾಟವಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿ ಅದನ್ನು ನಿವಾರಿಸಿದರು. ಚಾಕಿರಾಜನೆಂಬವನ ಬಿನ್ನಹದ ಮೇರೆಗೆ ದೊರೆ ಜಾಲಮಂಗಲವೆಂಬ ಹಳ್ಳಿಯನ್ನು ಜಿನಾಲಯಕ್ಕೆ ದತ್ತಿ ಬಿಟ್ಟ. ಆ ಸೀಮೆಯ ಆಡಳಿತ ಹೊತ್ತವರಿಗೆ ಶನಿ ಹಿಡಿಯುವುದು ಸಾವಿರದಿನ್ನೂರು ವರ್ಷದಿಂದ ದಾಖಲಾಗಿರುವ ಸಂಗತಿ ಎಂಬ ಸಮಾಧಾನ ಹಾಗಿರಲಿ, ಆ ಶಾಸನದ ಅಚ್ಚುಕಟ್ಟು ನೋಡಿ: ಕೇಳಿದವರು ಯಾರು, ಕೊಟ್ಟವರು ಯಾರು, ಯಾರಿಗೆ, ಏನನ್ನು, ಯಾವ ಕಾರಣಕ್ಕೆ ಎಲ್ಲವೂ ಇದೆ. ನಮ್ಮ ಉಸ್ತುವಾರಿಯ ಕೈಯಲ್ಲಿರುವ ನಾಲ್ಕು ಸಾಲಿನ ಆದೇಶದಲ್ಲಿ ಇವ್ಯಾವುವೂ ಇಲ್ಲ. ಸಂಪೂರ್ಣ ಉಸ್ತುವಾರಿ ಎಂದಿದೆ. ಎಷ್ಟು ರೂಪಾಯಿಯವರೆಗೆ ಸ್ವಂತ ಸಹಿ ನಡೆಯುತ್ತದೆ ಎಂದಿಲ್ಲ. ಶೀಘ್ರವಾಗಿ ಎಂದಿದೆ, ತಾರೀಖಿಲ್ಲ. ‘ಸಂಬಂಧಪಟ್ಟವರ ಸಹಕಾರ ಪಡೆದು’ ಎಂದಿದೆ. ಸಂಬಂಧಪಟ್ಟವರು ಸಂಬಂಧವಿಲ್ಲ ಎಂದರೆ ಯಾರ ಬಳಿ ಹೋಗಬೇಕೆಂದಿಲ್ಲ. ಮೊದಲ ವಾರದಲ್ಲೇ, ಹೊಸಬರೆಂಬ ವಿನಯವನ್ನು ಪೂರಾ ಬಳಸಿಕೊಂಡು, ಈ ಮೂರನ್ನು ಒಂದು ಪುಟದ ಪತ್ರದಲ್ಲಿ ಕೇಳಿಬಿಡಬೇಕು. ಉತ್ತರ ಬಂದರೆ ಒಳ್ಳೆಯದು. ಬಾರದಿದ್ದರೆ ಕೇಳಿದ್ದಕ್ಕೆ ಸ್ವೀಕೃತಿ ಮೊಹರಾದರೂ ಇರುತ್ತದೆ. ಸರ್ಕಾರಿ ನೌಕರಿಯಲ್ಲಿ ಆ ದುಂಡನೆಯ ನೀಲಿ ಮೊಹರಿಗಿಂತ ದೊಡ್ಡ ರಕ್ಷಾಯಂತ್ರವನ್ನು ಯಾವ ಮುನಿಯೂ ಕೊಡಲಾರ.

ಕೊನೆಗೆ ಬುಡ ಅಲ್ಲಾಡಿಸುವ ಪ್ರಶ್ನೆ: ಇಷ್ಟೆಲ್ಲ ಪಾಡು ಯಾಕೆ, ಅನುಭವಿಗಳನ್ನೇ ನೇಮಿಸಬಹುದಲ್ಲ? ಗುಬ್ಬಿಯ ನೆಲದಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ಬಲ ಹೆಚ್ಚು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ವೀರಣ್ಣನವರು ಸೇರಿದ್ದು ಎಳೆಯ ಹುಡುಗನಾಗಿ, ಬಾಲಪಾತ್ರಕ್ಕೆ; ಮಾಲೀಕರಾದದ್ದು 1917ರಲ್ಲಿ. ಪರದೆ ಎಳೆಯುವುದರಿಂದ ಹಿಡಿದು ಎಲ್ಲವನ್ನೂ ಕಂಡವರಾದ್ದರಿಂದಲೇ ಮುಂದೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದು ದಕ್ಕಿಸಿಕೊಂಡರು. ದಿಢೀರ್ ಉಸ್ತುವಾರಿಗೆ ಆನೆ ಕೊಟ್ಟಿದ್ದರೆ ಪ್ರೇಕ್ಷಕರ ಗತಿ? ಒಪ್ಪಿದೆ; ಅನುಭವಕ್ಕೆ ಬದಲಿಯಿಲ್ಲ, ಮೊದಲ ಸಲವೇ ಆನೆ ಕೊಡುವವರದು ತಪ್ಪು. ಆದರೆ ಅನುಭವಿಗಳಿದ್ದರೆ ಎಲ್ಲವೂ ಹೇಳಿದ ದಿನ, ಹೇಳಿದ ಹಣದಲ್ಲಿ ಮುಗಿಯುತ್ತದೆ ಎಂಬ ಮುಂದಿನ ಮಾತು ನಿಲ್ಲುವುದಿಲ್ಲ. ತುಮಕೂರಿಗೂ ನೀರು ತರಬೇಕಾದ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾದಾಗ ಅಂದಾಜು ಸುಮಾರು 12,900 ಕೋಟಿ ರೂಪಾಯಿ, ಆಮೇಲೆ ಅದು 23,000 ಕೋಟಿ ದಾಟಿತು. ಮೊದಲ ಹಂತದ ಉದ್ಘಾಟನೆಗೆ 2024 ಬರಬೇಕಾಯಿತು. ಅಲ್ಲಿ ಅನುಭವಿ ಇಂಜಿನಿಯರುಗಳ ಕೊರತೆ ಇತ್ತೆಂದು ಯಾರೂ ಹೇಳಲಾರರು. ಸಿಡ್ನಿಯ ಒಪೆರಾ ಹೌಸ್ 1963ಕ್ಕೆ ಮುಗಿಯಬೇಕಿತ್ತು, 70 ಲಕ್ಷ ಡಾಲರಿನ ಅಂದಾಜು. ಮುಗಿದದ್ದು 1973ಕ್ಕೆ, ಖರ್ಚು 10 ಕೋಟಿ 20 ಲಕ್ಷ ಡಾಲರು. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಈ ರೋಗಕ್ಕೆ ಹೆಸರಿಟ್ಟರು: ಮನುಷ್ಯರು ತಮ್ಮ ಕೆಲಸದ ಅವಧಿ ಅಂದಾಜು ಮಾಡುವಾಗ ಅಂಥದೇ ಹಿಂದಿನ ಕೆಲಸಗಳಿಗೆ ನಿಜವಾಗಿ ಎಷ್ಟು ಹಿಡಿಯಿತೆಂದು ನೋಡುವುದಿಲ್ಲ. ಅನುಭವಿ ನೋಡುವುದಿಲ್ಲ, ಯಾಕೆಂದರೆ ಎಲ್ಲ ಗೊತ್ತಿದೆ ಎಂಬ ಧೈರ್ಯ. ಹೊಸಬ ನೋಡಬಹುದು, ಪಕ್ಕದ ಹೋಬಳಿಯ ಕೆರೆಗೆ ಎಷ್ಟು ದಿನ ಹಿಡಿಯಿತೆಂದು ಫೋನು ಮಾಡಿ ಕೇಳಬಹುದು. ಆ ಫೋನು ಮಾಡಿದರೆ ಆ ಒಂದು ವಿಷಯದಲ್ಲಿ ಸಿಡ್ನಿಯವರಿಗಿಂತ ಮುಂದೆ.

ಇನ್ನು ಎಲ್ಲವನ್ನೂ ಒಮ್ಮೆ ಸರಿಯಾಗಿ ಹೊಂದಿಸಿಬಿಟ್ಟರೆ ಆಮೇಲೆ ತಾನಾಗಿ ನಡೆಯುತ್ತದೆ ಎಂಬ ಆಸೆ ಎರಡನೆಯ ತಿಂಗಳಲ್ಲಿ ಇವರಿಗೆ ಹುಟ್ಟುತ್ತದೆ. ಅದನ್ನೂ ಬಿಡಿಸಬೇಕು. ಕಡಬದಿಂದ ಶಿಂಷೆಯ ಜೊತೆಯಲ್ಲೇ ಕೆಳಗೆ ಹೋದರೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತದೆ. ಅಲ್ಲಿನ ಸೈಫನ್‌ಗಳು ನೀರು ತನ್ನ ಮಟ್ಟ ಮುಟ್ಟಿದ ಕೂಡಲೇ ತಾವಾಗಿ ಹೊರಗೆ ಹರಿಸಲು ತೊಡಗುತ್ತವೆ. ಯಾರ ಆದೇಶವೂ ಬೇಡ, ಗೇಟು ಎತ್ತುವವರೂ ಬೇಡ. ಇಡೀ ಜಿಲ್ಲೆಯಲ್ಲಿ ಮೇಲಿನಿಂದ ಫೋನು ಬಾರದೆ ಕೆಲಸ ಮಾಡುವುದು ಅದೊಂದೇ ಎಂದು ಗೇಲಿ ಮಾಡಬಹುದು. ಉಳಿದ ಕೆಲಸಗಳಿಗೆಲ್ಲ ದಿನ ಬೆಳಗಾದರೆ ಹೋಗಿ ನಿಲ್ಲಬೇಕು, ಕೇಳಬೇಕು, ನಿನ್ನೆ ಹೇಳಿದ್ದನ್ನು ಇವತ್ತೂ ಹೇಳಬೇಕು. ಹಾಗೆ ಮಾಡಿ ಕೆರೆ ಮುಗಿಸಿದವರಿಗೆ ಸಿಗುವ ಬಹುಮಾನವೆಂದರೆ ಪಕ್ಕದ ಎರಡು ಕೆರೆಗಳ ಹೆಚ್ಚುವರಿ ಪ್ರಭಾರ, ಮುಗಿಸದವರಿಗೆ ವರ್ಗಾವಣೆ. ಎರಡರಲ್ಲಿ ಏನಾದರೂ ಇನ್ನೊಬ್ಬ ದಿಢೀರ್ ಉಸ್ತುವಾರಿ ಬರುತ್ತಾರೆ, ಅವರಿಗೆ ಚಾರ್ಜ್ ಪಟ್ಟಿ ಒಪ್ಪಿಸಬೇಕು. ಆ ಪಟ್ಟಿಯಲ್ಲಿ ಕಬ್ಬಿಣದ ಬೀರು ಒಂದು, ಮರದ ಕುರ್ಚಿ ನಾಲ್ಕು (ಎರಡು ಮುರಿದಿವೆ), ಗೋಡೆ ಗಡಿಯಾರ ಒಂದು (ಚಾಲನೆಯಲ್ಲಿಲ್ಲ) ಎಂದು ಬರೆಯಲು ಮರೆಯುವವರಿಲ್ಲ. ಏರಿಯ ಯಾವ ಜಾಗ ಜಿನುಗುತ್ತದೆಂದು ಬಲ್ಲ ನೀರುಗಂಟಿ ಯಾರು, ಅವರ ಮನೆ ಯಾವ ಬೀದಿಯಲ್ಲಿ, ಬಿಲ್ಲಿನ ವಿಷಯಕ್ಕೆ ಯಾವ ಗುಮಾಸ್ತೆಯನ್ನು ಮಧ್ಯಾಹ್ನ ಊಟದ ಮುಂಚೆಯೇ ಹಿಡಿಯಬೇಕು, ಯಾರ ಸಲಹೆಯ ಹಿಂದೆ ಯಾವ ತೋಟವಿದೆ, ಇದನ್ನು ಬರೆದವರನ್ನು ಕಾಣೆ. ಇದಕ್ಕೊಂದು ಪುಟ ಹೆಚ್ಚಿಗೆ ಸೇರಿಸಬೇಕು. ನಮೂನೆಯಲ್ಲಿ ಅಂಥ ಕಾಲಂ ಇಲ್ಲವೆಂದು ಆಡಿಟ್‌ನವರು ತಗಾದೆ ತೆಗೆದರೆ, ಕಟ್ಟಕಡೆಗೆ ‘ಇತರೆ’ ಎಂದು ಒಂದಿದೆ, ಅಲ್ಲಿ ಬರೆದರಾಯಿತು.